ಅಧಿವೇಶನ ಇಲ್ಲದ ದಿನಗಳಲ್ಲಿ ಶಾಸಕರು, ಸಂಸದರು ಏನು ಮಾಡುತ್ತಾರೆ?

ಸಂಸತ್ತು ಸೇರುವುದು ವರ್ಷಕ್ಕೆ ಸಾಮಾನ್ಯವಾಗಿ ಮೂರು ಸಲ, ಉಳಿದ ದಿನ ಇವರಿಗೆಲ್ಲ ಏನು ಕೆಲಸ ಎಂದು ಕೇಳಿದ್ದೀರಿ. ನಾನು ಸಾಗರದ ಕಡೆಯವನು. ಜಮೀನಿನ ಕಾಗದ ಹಿಡಿದು ಶಾಸಕರ ಮನೆಗೆ ಅಲೆದಿದ್ದೇನೆ. ಕೆಲಸಕ್ಕೇನೂ ಕಡಿಮೆ ಇಲ್ಲ. ಆದರೆ ಅದರಲ್ಲಿ ಸದನಕ್ಕೆ ಸಂಬಂಧಪಟ್ಟದ್ದು ತೀರಾ ಕಡಿಮೆ. ನನ್ನ ಬೇಜಾರು ಅದೇ.

ಬೆಳಿಗ್ಗೆ ಏಳಕ್ಕೇ ಅಂಗಳದ ಪ್ಲಾಸ್ಟಿಕ್ ಕುರ್ಚಿಗಳು ಭರ್ತಿ. ಒಬ್ಬರಿಗೆ ಮಗಳ ವರ್ಗಾವಣೆ ಆಗಬೇಕು. ಇನ್ನೊಬ್ಬರ ಊರಲ್ಲಿ ಕರೆಂಟಿನ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಸುಟ್ಟು ವಾರವಾಗಿದೆ. ಪಿಎ ಹೆಗಲಿಗೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ಲೆಟರ್‌ಹೆಡ್ ಮೇಲೆ ಶಿಫಾರಸು ಬರೆಯುತ್ತಿರುತ್ತಾರೆ. ಹತ್ತಕ್ಕೆ ಗೃಹಪ್ರವೇಶ, ಮಧ್ಯಾಹ್ನ ಎರಡು ಮದುವೆ. ಹೋಗದಿದ್ದರೆ ‘ಗೆದ್ದ ಮೇಲೆ ಈ ಕಡೆ ತಲೆನೇ ಹಾಕಲಿಲ್ಲ’ ಅನ್ನುವವರು ನಾವೇ ಅಲ್ವಾ?

ಇದರಲ್ಲಿ ನಿಜವಾಗಿ ಶಾಸಕರದ್ದೇ ಆದ ಕೆಲಸವೂ ಇದೆ. ಸರ್ಕಾರಿ ಜಮೀನಿನಲ್ಲಿ ಸಾಗುವಳಿ ಮಾಡಿಕೊಂಡು ಬಂದವರ ಅರ್ಜಿ ನೋಡುವ ಬಗರ್ ಹುಕುಂ ಸಮಿತಿಗೆ ಅವರೇ ಅಧ್ಯಕ್ಷರು. ಸಭೆ ಕರೆಯದಿದ್ದರೆ ಬಡವರ ಅರ್ಜಿ ಕೊಳೆಯುತ್ತದೆ. ಟಿ.ಸಿ., ವರ್ಗಾವಣೆ ಇವೆಲ್ಲ ಕಚೇರಿಗಳು ತಾವಾಗಿಯೇ ಮಾಡಬೇಕಾದವು.

ಶರಾವತಿ ಮುಳುಗಡೆಯವರ, ಅಂದರೆ ಆ ನದಿಯ ಅಣೆಕಟ್ಟಿನ ನೀರಿನಲ್ಲಿ ಮನೆ, ಜಮೀನು ಕಳೆದುಕೊಂಡವರ ವಿಷಯ ನೋಡಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಎಷ್ಟೋ ಮನೆಗಳಿಗೆ ಇವತ್ತಿಗೂ ಹಕ್ಕುಪತ್ರ ಇಲ್ಲ. ಅವರನ್ನು ಕೂರಿಸಿದ ಜಾಗ ದಾಖಲೆಯಲ್ಲಿ ಅರಣ್ಯ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದನ್ನು ಬಿಡಿಸಲು ಕೇಂದ್ರದ ಒಪ್ಪಿಗೆ ಬೇಕೇ ಬೇಕು. ಇಲ್ಲಿ ಶಾಸಕರು ಸಾವಿರ ಪತ್ರ ಬರೆದರೂ ಅಷ್ಟೇ. ಇದನ್ನು ದಿಲ್ಲಿಯಲ್ಲಿ ಎತ್ತಬೇಕು, ಬಿಡದೆ ಎತ್ತಬೇಕು.

ಅದಕ್ಕೆ ದಾರಿ ಇದೆ. ಲೋಕಸಭೆಯಲ್ಲಿ ಪ್ರಶ್ನೆ ಕೇಳಲು ಕನಿಷ್ಠ 15 ದಿನ ಮೊದಲೇ ನೋಟಿಸ್ ಕೊಡಬೇಕು. ಬಂದ ಪ್ರಶ್ನೆಗಳಲ್ಲಿ ಚೀಟಿ ಎತ್ತಿ ದಿನಕ್ಕೆ 20ನ್ನು ಮಾತ್ರ ಸಚಿವರ ಬಾಯಿಮಾತಿನ ಉತ್ತರಕ್ಕೆ ಆರಿಸುತ್ತಾರೆ. ಅದರಲ್ಲಿ ಸಿಗದಿದ್ದರೂ ಲಿಖಿತ ಉತ್ತರ ಪಡೆಯಬಹುದು, ಅದು ದಾಖಲೆಯಾಗಿ ಉಳಿಯುತ್ತದೆ. ಒಳ್ಳೆ ಪ್ರಶ್ನೆ ಬರೆಯಲು ಕಡತ ಓದಬೇಕು, ಕೂತು ಯೋಚಿಸಬೇಕು. ದಿನಕ್ಕೆ ಎರಡು ಮದುವೆ ಊಟ ಮಾಡುವವರಿಗೆ ಆ ಹೊತ್ತು ಎಲ್ಲಿಂದ ಬರಬೇಕು?

ಜಮೀನಿನ ಪ್ರಶ್ನೆಯನ್ನು ಸದನಕ್ಕೆ ಒಯ್ಯುವುದು ನಮ್ಮ ಶಿವಮೊಗ್ಗ ಜಿಲ್ಲೆಗೆ ಹೊಸದಲ್ಲ. ಸಾಗರದ ಹತ್ತಿರದ ಕಾಗೋಡಿನ ಗೇಣಿದಾರರು, ಅಂದರೆ ಒಡೆಯರ ಜಮೀನನ್ನು ಗೇಣಿ ಕೊಟ್ಟು ಉಳುತ್ತಿದ್ದವರು, 1951ರಲ್ಲಿ ಸತ್ಯಾಗ್ರಹ ಮಾಡಿದರು. ಮರುವರ್ಷವೇ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ವಿಧಾನಸಭೆಗೆ ಹೋಗಿ ಗೇಣಿದಾರರ ಪರ ದನಿ ಎತ್ತಿದರು. ಗೇಣಿದಾರರನ್ನು ಭೂಮಿಯ ಒಡೆಯರನ್ನಾಗಿ ಮಾಡಿದ ಕಾನೂನು ಜಾರಿಗೆ ಬಂದದ್ದು 1974ರಲ್ಲಿ. ಅಷ್ಟು ವರ್ಷ ಹಿಡಿಯಿತು ನಿಜ. ಆದರೆ ಆ ಕಾನೂನಿನಿಂದ ಇಲ್ಲಿ ಎಷ್ಟು ಮನೆ ಉದ್ಧಾರವಾಯಿತು ಎಂದು ನಮ್ಮ ಹಿರಿಯರನ್ನು ಕೇಳಿ.

ಯಾವ ಸಂಸದರು ಏನು ಕೇಳಿದರು, ಏನು ಉತ್ತರ ಬಂತು ಎಲ್ಲವೂ ಲೋಕಸಭೆಯ ವೆಬ್‌ಸೈಟಿನಲ್ಲಿದೆ. ನಿಮ್ಮ ಸಂಸದರ ಹೆಸರು ಹಾಕಿ ಒಮ್ಮೆ ನೋಡಿ. ಮತ ಕೇಳಲು ಬಂದಾಗ ಮುಳುಗಡೆ ಜಮೀನಿನ ಬಗ್ಗೆ ಯಾವ ಅಧಿವೇಶನದಲ್ಲಿ ಕೇಳಿದಿರಿ ಎಂದು ನಾನು ಕೇಳುವವನೇ. ನಿಮ್ಮೂರಿನ ದೊಡ್ಡ ಸಮಸ್ಯೆ ಯಾವುದೋ, ಅದರ ಬಗ್ಗೆ ನೀವೂ ಕೇಳಿ.