ಓದುಗರ ಪ್ರಶ್ನೆ: ಗೊಲ್ಯಾತನ ಎತ್ತರ, ದಾವೀದನ ಕವಣೆ

ಪ್ರಶ್ನೆ: ಸಂಡೇ ಸ್ಕೂಲ್ ಮಕ್ಕಳಿಂದ ದಾವೀದ-ಗೊಲ್ಯಾತರ ನಾಟಕ ಆಡಿಸುತ್ತಿದ್ದೇವೆ. ಗೊಲ್ಯಾತ ಎಷ್ಟು ಎತ್ತರ ಇರಬೇಕು? ವೇಷ ಹೇಗೆ?
– ಓದುಗರೊಬ್ಬರು, ಗದಗ-ಬೆಟಗೇರಿ

ಉತ್ತರ: ದಾವೀದ ಕೊಂದ ಫಿಲಿಷ್ಟಿಯ ಯೋಧ ಗೊಲ್ಯಾತನ ಎತ್ತರ ಬೈಬಲಿನ ಹೀಬ್ರೂ ಪಾಠದ ಪ್ರಕಾರ ಆರು ಮೊಳ ಒಂದು ಗೇಣು. ಮೊಳಕ್ಕೆ 45 ಸೆಂ.ಮೀ. ಹಿಡಿದರೆ ಒಂಬತ್ತೂವರೆ ಅಡಿ ದಾಟುತ್ತದೆ. ಆದರೆ ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಯಲ್ಲಿ ಸಿಕ್ಕ ಸಮುವೇಲನ ಪುಸ್ತಕದ ಸುರುಳಿಯಲ್ಲೂ ಹಳೆಯ ಗ್ರೀಕ್ ಅನುವಾದದಲ್ಲೂ ಇರುವುದು ನಾಲ್ಕು ಮೊಳ ಒಂದು ಗೇಣು, ಅಂದರೆ ಸುಮಾರು 6 ಅಡಿ 8 ಇಂಚು. ಇದೇ ನಂಬಲು ಯೋಗ್ಯ. ಹಾಗಾಗಿ ನಿಮ್ಮಲ್ಲಿರುವ ಉದ್ದನೆಯ ಹುಡುಗನೇ ಸಾಕು. ಮರಗಾಲು ಕಟ್ಟಬೇಡಿ, ಅವನು ಕೊನೆಗೆ ಮುಖ ಅಡಿಯಾಗಿ ಬೀಳಬೇಕು.

ತಲೆಗೆ ಕಂಚಿನ ಶಿರಸ್ತ್ರಾಣ, ಮೈಗೆ ಪರೆಪರೆಯಾದ ಕಂಚಿನ ಕವಚ, ಮೊಣಕಾಲಿನ ಕೆಳಗೆ ಕಂಚಿನ ಕಾಪು, ಹೆಗಲಿಗೆ ಕಂಚಿನ ಈಟಿ. ಕವಚದ ತೂಕ 5,000 ಶೆಕೆಲ್, ಸುಮಾರು 57 ಕಿಲೋ. ಕೈಯಲ್ಲಿರುವ ಭರ್ಜಿಯ ಅಲಗು ಕಬ್ಬಿಣದ್ದು, 600 ಶೆಕೆಲ್, ಹತ್ತಿರಹತ್ತಿರ 7 ಕಿಲೋ. ಆದ್ದರಿಂದ ರಟ್ಟಿಗೆ ಬೆಳ್ಳಿ ಬಣ್ಣ ಬಳಿಯಬೇಡಿ. ಕಂಚಿನ ಬಣ್ಣ ಹಚ್ಚಿ, ಭರ್ಜಿಯ ಅಲಗನ್ನಷ್ಟೇ ಕಪ್ಪಾಗಿಸಿ. ಅವನ ಮುಂದೆ ಗುರಾಣಿ ಹೊತ್ತ ಆಳೊಬ್ಬ ನಡೆಯಬೇಕು. ನಾಟಕದವರು ಸಾಮಾನ್ಯವಾಗಿ ಮರೆಯುವುದು ಇವನನ್ನೇ. ಇನ್ನು ದಾವೀದನ ಸೊಂಟಕ್ಕೆ ಕತ್ತಿ ಬೇಡ. ಇಸ್ರಾಯೇಲಿನ ರಾಜ ಸೌಲ ತೊಡಿಸಿದ್ದನ್ನು ರೂಢಿಯಿಲ್ಲವೆಂದು ಬಿಚ್ಚಿಟ್ಟು, ಕೋಲು, ಕವಣೆ, ಹಳ್ಳದ ಐದು ನುಣುಪು ಕಲ್ಲು ಹಿಡಿದು ಹೋದ. ತಲೆ ಕಡಿದದ್ದು ಗೊಲ್ಯಾತನದೇ ಕತ್ತಿಯಿಂದ.

ಪ್ರಶ್ನೆ: ಕವಣಿ ಅಂದ್ರ ಕವಲು ಕಟಗಿಗೆ ರಬ್ಬರ್ ಕಟ್ಟಿದ್ದೋ, ಜ್ವಾಳದ ಹೊಲದಾಗ ಹಕ್ಕಿ ಹೊಡಿಯೂದೋ? ಅದರಿಂದ ಮನಷಾ ಸಾಯತಾನೇನ್ರಿ?
– ರೈತ ಓದುಗರು, ಹಾವೇರಿ

ಉತ್ತರ: ನಿಮ್ಮ ಹೊಲದ್ದೇ. ರಬ್ಬರ್ ಅಮೆರಿಕ ಖಂಡದ ಗಿಡದ ಹಾಲು, ದಾವೀದನ ಕಾಲದಲ್ಲಿ ಆ ಕಡೆ ಅದರ ಸುಳಿವೂ ಇರಲಿಲ್ಲ. ನಡುವೆ ಚರ್ಮದ ಅಥವಾ ಹೆಣೆದ ಬಟ್ಟಲು, ಎರಡು ಬದಿಗೆ ಹುರಿ. ಒಂದು ಹುರಿಯ ಕುಣಿಕೆ ಬೆರಳಿಗೆ, ಇನ್ನೊಂದರ ತುದಿ ಮುಷ್ಟಿಯಲ್ಲಿ. ಬೀಸಿ ಆ ತುದಿ ಬಿಟ್ಟರೆ ಕಲ್ಲು ಹಾರುತ್ತದೆ. ಬಿಡುವ ಗಳಿಗೆ ತಪ್ಪಿದರೆ ಕಲ್ಲು ಪಕ್ಕದವನಿಗೆ! ಹುರಿಗಳು ಹೆಚ್ಚುಕಡಿಮೆಯಾದರೆ ಬಟ್ಟಲು ವಾರೆಯಾಗಿ ಕಲ್ಲು ಮೊದಲೇ ಜಾರುತ್ತದೆ. ಮೂಲೆಮೂಲೆ ಇರುವ ಕಲ್ಲು ಗಾಳಿಯಲ್ಲಿ ದಾರಿ ಬಿಡುತ್ತದೆ, ಹಳ್ಳದಲ್ಲಿ ಆರಿಸಿದ್ದು ಅದಕ್ಕೇ.

ಸಾಯುವುದೇನು, ದಂಡಿನಲ್ಲಿ ಕವಣೆಯವರದೇ ಒಂದು ಪಡೆ ಇರುತ್ತಿತ್ತು. ಕ್ರಿ.ಪೂ. 701ರಲ್ಲಿ ಅಸ್ಸೀರಿಯದವರು ಮುತ್ತಿದ ಯೂದಾಯದ ಲಾಕೀಷ್ ಪಟ್ಟಣದಲ್ಲಿ ಸಿಕ್ಕ ಕವಣೆಗಲ್ಲುಗಳು ಸುಮಾರು 6 ಸೆಂ.ಮೀ. ದಪ್ಪ, ಕಾಲು ಕಿಲೋ ತೂಕದವು. ಬೈಬಲಿನ ನ್ಯಾಯಸ್ಥಾಪಕರ ಪುಸ್ತಕದಲ್ಲಿ ಕೂದಲೆಳೆಗೂ ಗುರಿ ತಪ್ಪದ 700 ಎಡಚರು ಬರುತ್ತಾರೆ. ಗೊಲ್ಯಾತನ ಮೈಯೆಲ್ಲ ಕಂಚು, ಬಯಲಾಗಿದ್ದದ್ದು ಹಣೆ.

ಪ್ರಶ್ನೆ: ಮಿಕ್ಮಾಷಿನಲ್ಲಿ ಫಿಲಿಷ್ಟಿಯರಿಗೆ 30,000 ರಥ ಇದ್ದವಂತೆ, ಇಸ್ರಾಯೇಲ್ಯರಿಗೆ ಕತ್ತಿಯೂ ಇರಲಿಲ್ಲ. ಮತ್ತೆ ಫಿಲಿಷ್ಟಿಯರು ಸೋತದ್ದು ಹೇಗೆ?
– ವಿದ್ಯಾರ್ಥಿ, ಧಾರವಾಡ

ಉತ್ತರ: ಸಂಖ್ಯೆಯನ್ನು ಮೊದಲು ಇಳಿಸಿಕೊಳ್ಳಿ. ಸಿರಿಯಾಕ್ ಪಾಠದಲ್ಲೂ ಕೆಲವು ಗ್ರೀಕ್ ಪ್ರತಿಗಳಲ್ಲೂ 3,000 ಇದೆ. ಈಜಿಪ್ಟಿನ ವಿರುದ್ಧದ ಕಾದೇಶ್ ಯುದ್ಧಕ್ಕೆ ಇಡೀ ಹಿಟ್ಟೈಟ್ ಸಾಮ್ರಾಜ್ಯ ತಂದದ್ದೇ 3,500 ರಥ ಎಂದು ಈಜಿಪ್ಟಿನವರ ಬರಹದಿಂದ ತಿಳಿಯುತ್ತದೆ. ಕತ್ತಿಯ ಮಾತು ಸರಿ: ಸೌಲ, ಅವನ ಮಗ ಯೋನಾತಾನರ ಬಳಿ ಮಾತ್ರ ಇತ್ತು. ಇಸ್ರಾಯೇಲಿನಲ್ಲಿ ಕಮ್ಮಾರರೇ ಇರದಂತೆ ಫಿಲಿಷ್ಟಿಯರು ನೋಡಿಕೊಂಡಿದ್ದರು. ಕುಳ ಹಣಿಸಲೂ ಅವರಲ್ಲಿಗೇ ಹೋಗಬೇಕು, ಕೂಲಿ ಒಂದು ಪೀಮ್, ಅಂದರೆ ಸುಮಾರು 7.7 ಗ್ರಾಂ ಬೆಳ್ಳಿ. ಸುಲಿಗೆಯೇ ಸರಿ.

ಆದರೆ ಗೆಲುವು ನಿಂತದ್ದು ನೆಲದ ಮೇಲೆ. ನವಲಗುಂದದ ಕಡೆಯ ಒಣಗಿದ ಎರೆಬಯಲಿನಲ್ಲಿ ರಥ ಓಡೀತು, ಕಲಘಟಗಿ ಆಚೆಯ ಗುಡ್ಡಗಳಲ್ಲಿ ಓಡದು. ಗಾಜಾ, ಅಷ್ಕೆಲೋನ್, ಅಷ್ಡೋದ್, ಗತ್, ಎಕ್ರೋನ್ ಎಂಬ ಫಿಲಿಷ್ಟಿಯರ ಐದು ಪಟ್ಟಣಗಳು ಕರಾವಳಿ ಬಯಲಿನವು, ಇಸ್ರಾಯೇಲ್ಯರದು ಗುಡ್ಡ. ಮಿಕ್ಮಾಷ್ ಕಡಿದಾದ ಕಣಿವೆಯ ಅಂಚು. ಯೋನಾತಾನನೂ ಅವನ ಆಯುಧ ಹೊರುವವನೂ ಬಂಡೆ ಹತ್ತಿ ಸುಮಾರು 20 ಜನರನ್ನು ಕೊಂದದ್ದೇ ತಡ, ಠಾಣೆಯಲ್ಲಿ ಗೊಂದಲವೆದ್ದಿತು. ಆದರೆ ಅದೇ ಫಿಲಿಷ್ಟಿಯರೊಡನೆ ಗಿಲ್ಬೋವದ ಕದನ ಇಜ್ರೇಲ್ ಬಯಲಿನ ಅಂಚಿನಲ್ಲಿ ನಡೆಯಿತು, ಅಲ್ಲಿ ಸೌಲನೂ ಅವನ ಮೂವರು ಮಕ್ಕಳೂ ಸತ್ತರು. ಯೆರೂಸಲೇಮಿನ ಬಳಿಯ ರೆಫಾಯೀಮ್ ತಗ್ಗಿನಲ್ಲಿ ದಾವೀದ ಫಿಲಿಷ್ಟಿಯರನ್ನು ಎರಡನೇ ಸಲ ಎದುರಿಗೆ ಹೋಗದೆ ಹಿಂದಿನಿಂದ ಸುತ್ತಿ ಬಂದು ಹೊಡೆದ, ಗೆಜೆರ್‌ವರೆಗೆ ಅಟ್ಟಿದ. ಗೆಜೆರ್ ದಾಟಿದರೆ ಬಯಲು, ಅಲ್ಲಿಗೆ ಅಟ್ಟುವುದು ನಿಂತಿತು.

ಪ್ರಶ್ನೆ: ಫಿಲಿಷ್ಟಿಯರು ಎಲ್ಲಿಂದ ಬಂದರು, ಕಡೆಗೆ ಏನಾದರು?
– ಓದುಗರು, ಹುಬ್ಬಳ್ಳಿ

ಉತ್ತರ: ಈಜಿಪ್ಟಿನ ದೊರೆ ಮೂರನೇ ರಾಮ್ಸೆಸ್ ತನ್ನ 8ನೇ ವರ್ಷದಲ್ಲಿ, ಸುಮಾರು ಕ್ರಿ.ಪೂ. 1177ರಲ್ಲಿ, ಕಡಲಿನಿಂದ ಬಂದ ಹಲವು ಜನರ ಜೊತೆ ಇವರನ್ನೂ ಎದುರಿಸಿದ. ಅಷ್ಕೆಲೋನಿನ ಹಳೆಯ ಅಸ್ಥಿಗಳ ಡಿಎನ್‌ಎ ಪರೀಕ್ಷೆ 2019ರಲ್ಲಿ ಹೊರಬಂತು, ಅದೂ ದಕ್ಷಿಣ ಯುರೋಪಿನ ಕಡೆ ಬೆರಳು ತೋರಿಸಿತು. ಇವರನ್ನು ಅಳಿಸಿದ್ದು ಇಸ್ರಾಯೇಲ್ಯರಲ್ಲ. ಗತ್ ಪಟ್ಟಣ ಕ್ರಿ.ಪೂ. 9ನೇ ಶತಮಾನದಲ್ಲಿ ಅರಾಮಿನ ರಾಜ ಹಜಾಯೇಲನ ಕೈಗೆ ಬಿತ್ತು, ಅಷ್ಕೆಲೋನನ್ನು ಕ್ರಿ.ಪೂ. 604ರಲ್ಲಿ ಬಾಬೆಲಿನ ನೆಬೂಕದ್ನೆಚ್ಚರ ಸುಟ್ಟ, ಎಕ್ರೋನೂ ಅದೇ ದಾಳಿಗಳಲ್ಲಿ ಹೋಯಿತು. ಅಷ್ಟರಲ್ಲಿ ಎಕ್ರೋನಿನವರು ನೂರಕ್ಕೂ ಹೆಚ್ಚು ಗಾಣಗಳಲ್ಲಿ ಆಲಿವ್ ಎಣ್ಣೆ ತೆಗೆಯುತ್ತಿದ್ದರು. ಅಲ್ಲಿ 1996ರಲ್ಲಿ ಸಿಕ್ಕ ಶಿಲಾಶಾಸನದಲ್ಲಿ ಐವರು ದೊರೆಗಳ ಹೆಸರಿದೆ.