ಕೋವಿ ಕಟ್ಟಿಕೊಂಡು ಕ್ಯಾಲಿಫೋರ್ನಿಯಾಕ್ಕೆ

ಪ್ರಶ್ನೆ: ಅಕ್ಕ, ನಾನು ತೀರ್ಥಹಳ್ಳಿ ಕಡೆಯವನು. ಹನ್ನೊಂದು ವರ್ಷದಿಂದ ಟೆಕ್ಸಾಸ್‌ನ ಪ್ಲೇನೊದಲ್ಲಿದ್ದೇನೆ, ಗ್ರೀನ್ ಕಾರ್ಡ್ ಬಂದು ಮೂರು ವರ್ಷವಾಯಿತು. ಈಗ ಕಂಪನಿ ಸ್ಯಾನ್ ಹೋಸೆಗೆ ವರ್ಗ ಮಾಡಿದೆ. ನನ್ನ ಹತ್ತಿರ ಮೂರು ಬಂದೂಕುಗಳಿವೆ: ಒಂದು ಗ್ಲಾಕ್ 19 ಪಿಸ್ತೂಲು, ಒಂದು ರೆಮಿಂಗ್ಟನ್ 870 ಶಾಟ್‌ಗನ್, ಒಂದು ಎಆರ್-15 ರೈಫಲ್. ಮೂರನ್ನೂ ಅಂಗಡಿಯಲ್ಲೇ ಫಾರ್ಮ್ ತುಂಬಿ ಕೊಂಡಿದ್ದೇನೆ. ಕ್ಯಾಲಿಫೋರ್ನಿಯಾದಲ್ಲಿ ಹೊಸಬರಿಗೆ ಅರವತ್ತು ದಿನ ಸಮಯ ಕೊಡುತ್ತಾರಂತೆ. ಹೋದ ಮೇಲೆ ನಿಧಾನಕ್ಕೆ ನೋಡಿಕೊಂಡರೆ ಆಗದೇ? ಎಆರ್ ಒಂದು ಅಲ್ಲಿ ಕಷ್ಟ ಎಂದು ಗೊತ್ತು, ಅದನ್ನು ಇರ್ವಿಂಗ್‌ನಲ್ಲಿರುವ ತಮ್ಮನ ಮನೆಯಲ್ಲಿ ಇಟ್ಟು ಬರುತ್ತೇನೆ. ಅವನು ಎಚ್-1ಬಿ ಮೇಲಿದ್ದಾನೆ. ಹೆಸರು ಹಾಕಬೇಡಿ.

ಉತ್ತರ: ಹೆಸರು ಹಾಕುವುದಿಲ್ಲ. ಆದರೆ ನಿಮ್ಮ ಪತ್ರದ ಕೊನೆಯ ಎರಡು ಸಾಲು ಓದಿ ಕೈಲಿದ್ದ ಕಾಫಿ ಕೆಳಗಿಟ್ಟೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ತಮ್ಮನ ಮನೆಯಲ್ಲಿ ಇಡಬೇಡಿ. ಎಚ್-1ಬಿ, ಎಚ್-4, ಎಫ್-1, ಬಿ-2 ಹೀಗೆ ತಾತ್ಕಾಲಿಕ ವೀಸಾ ಮೇಲೆ ಬಂದವರು ಬಂದೂಕು ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನೇ ನಿಷೇಧಿಸಿದೆ. ಟೆಕ್ಸಾಸ್ ಎಷ್ಟೇ ಸಡಿಲವಿದ್ದರೂ ಅದು ಅಲ್ಲಿಗೂ ಅನ್ವಯಿಸುತ್ತದೆ. ಇಟ್ಟುಕೊಂಡ ತಮ್ಮನೂ ಸಿಕ್ಕಿಬೀಳುತ್ತಾನೆ, ಅವನ ವೀಸಾ ಯಾವುದೆಂದು ತಿಳಿದೂ ಕೊಟ್ಟ ನೀವೂ ಸಿಕ್ಕಿಬೀಳುತ್ತೀರಿ. 2022ರಿಂದ ಎರಡಕ್ಕೂ ಗರಿಷ್ಠ ಶಿಕ್ಷೆ 15 ವರ್ಷ. "ಬೀಗ ಹಾಕಿ ಕೊಡುತ್ತೇನೆ, ಕೀಲಿ ನನ್ನ ಹತ್ತಿರವೇ ಇರುತ್ತದೆ" ಎನ್ನುವ ಉಪಾಯ ನಿಮ್ಮ ತಲೆಗೆ ಬಂದಿರುತ್ತದೆ. ನಮ್ಮವರು ಹೂಡುವ ಮೊದಲ ವಾದವೇ ಅದು. ಅಂಥ ಮನೆಗೆ ಆ ವಸ್ತು ಹೋಗುವುದೇ ಬೇಡ.

ಒಂದು ವಿನಾಯಿತಿ ಇರುವುದು ನಿಜ. ಅಮೆರಿಕದ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದರೆ ವೀಸಾದವರೂ ಬಂದೂಕು ಹೊಂದಬಹುದು. ಆದರೆ ಟೆಕ್ಸಾಸ್‌ನ ವಾರ್ಷಿಕ ಬೇಟೆ ಪರವಾನಗಿ ಆಗಸ್ಟ್ 31ಕ್ಕೆ ಮುಗಿಯುತ್ತದೆ. ನವೀಕರಿಸಲು ಮರೆತು ಮಲಗಿದವನು ಸೆಪ್ಟೆಂಬರ್ 1ರ ಬೆಳಿಗ್ಗೆ ಅಪರಾಧಿಯಾಗಿ ಏಳುತ್ತಾನೆ. ಕರೆಂಟ್ ಬಿಲ್ ಕಟ್ಟುವುದನ್ನೇ ಮರೆಯುವ ತಮ್ಮಂದಿರನ್ನು ನಾನು ನೋಡಿದ್ದೇನೆ. ಗ್ರೀನ್ ಕಾರ್ಡಿನ ಸರದಿಯಲ್ಲಿ ನಿಂತವನ ತಲೆಯ ಮೇಲೆ ಈ ಭಾರ ಯಾಕೆ?

ಇನ್ನು ನಿಮ್ಮ ಅರವತ್ತು ದಿನ. ನಾನು ವಕೀಲೆ ಅಲ್ಲ. ಫ್ರೆಸ್ನೊದಲ್ಲಿ ವಲಸೆ ವಕೀಲರೊಬ್ಬರ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಕಡತ ಹೊತ್ತವಳು. ಅಷ್ಟು ವರ್ಷಗಳಲ್ಲಿ ಜನ ಅತಿ ಹೆಚ್ಚು ತಪ್ಪಾಗಿ ತಿಳಿದುಕೊಂಡದ್ದು ಈ ಅರವತ್ತನ್ನೇ. ಅದು ರಾಜ್ಯದೊಳಗೆ ಇರಲು ಅವಕಾಶವಿರುವ ಬಂದೂಕನ್ನು ವರದಿ ಮಾಡಲು ಕೊಟ್ಟ ಸಮಯ. ಅವಕಾಶವೇ ಇಲ್ಲದ್ದನ್ನು ತಂದು, ಇಟ್ಟುಕೊಂಡು, ಏನು ಮಾಡೋಣ ಎಂದು ಯೋಚಿಸಲು ಕೊಟ್ಟದ್ದಲ್ಲ. ಅಂಥದ್ದು ಗಡಿ ದಾಟಿದ ಕ್ಷಣದಲ್ಲೇ ತಪ್ಪು ಆಗಿಹೋಗಿರುತ್ತದೆ.

ಹಾಗಾಗಿ ನಿಮ್ಮ ಮೂರನ್ನೂ ಒಂದೇ ಚೀಲಕ್ಕೆ ಹಾಕಬೇಡಿ. ಶಾಟ್‌ಗನ್‌ಗೆ ತಕರಾರಿಲ್ಲ, ತನ್ನಿ, ವರದಿ ಮಾಡಿ. ಗ್ಲಾಕ್ ಬಗ್ಗೆ "ಕ್ಯಾಲಿಫೋರ್ನಿಯಾದ ರೋಸ್ಟರ್‌ನಲ್ಲಿಲ್ಲದ ಪಿಸ್ತೂಲು ತರುವಂತಿಲ್ಲ" ಎಂದು ಯಾರಾದರೂ ಹೆದರಿಸಿರಬಹುದು. ಆ ಪಟ್ಟಿ ಮುಖ್ಯವಾಗಿ ಅಂಗಡಿಯವರು ಏನು ಮಾರಬಹುದು ಎನ್ನುವುದಕ್ಕೆ. ವಾಸಕ್ಕೆಂದು ಬರುವವರು ಮೊದಲೇ ತಮ್ಮದಾಗಿದ್ದ ಪಿಸ್ತೂಲನ್ನು, ಅದು ಪಟ್ಟಿಯಲ್ಲಿ ಇಲ್ಲದಿದ್ದರೂ, ತರಬಹುದು. ಬ್ಯಾರೆಲ್ಲಿನ ತುದಿಯಲ್ಲಿ ಸೈಲೆನ್ಸರ್ ತಿರುಗಿಸಿ ಕೂರಿಸಲು ತಿರುಪಿನ ಸುತ್ತು ಕೊರೆಸಿದ್ದರೆ ಮಾತ್ರ ತರಬೇಡಿ. ಆ ಸುತ್ತು ಇದ್ದರೆ ಅದೇ ಪಿಸ್ತೂಲು ಇಲ್ಲಿನ ಕಾನೂನಿನಲ್ಲಿ 'ಅಸಾಲ್ಟ್ ವೆಪನ್', ಅಂದರೆ ನಿಷೇಧಿತ ಆಯುಧ, ಆಗಿಬಿಡುತ್ತದೆ.

ಗ್ಲಾಕ್‌ನಲ್ಲಿ ನಿಜವಾದ ತೊಡಕು ಅದರ ಮ್ಯಾಗಜಿನ್. (ನೀವು ಓದುತ್ತಿರುವಂಥದ್ದಲ್ಲ, ಗುಂಡು ತುಂಬುವಂಥದ್ದು!) ಗ್ಲಾಕ್ 19ಕ್ಕೆ ಮಾಮೂಲಾಗಿ ಬರುವುದು 15 ಗುಂಡಿನದು. ಹತ್ತಕ್ಕಿಂತ ಹೆಚ್ಚು ಹಿಡಿಯುವ ಮ್ಯಾಗಜಿನ್ನನ್ನು ಕ್ಯಾಲಿಫೋರ್ನಿಯಾದೊಳಗೆ ತರುವುದು 2000ರಿಂದ ಅಪರಾಧ. ಇದರ ಮೇಲೆ ಕೇಸು ನಡೆದು ನಡೆದು 2025ರ ಮಾರ್ಚ್‌ನಲ್ಲಿ ಒಂಬತ್ತನೇ ಸರ್ಕ್ಯೂಟ್ ಎಂಬ ಫೆಡರಲ್ ಮೇಲ್ಮನವಿ ನ್ಯಾಯಾಲಯ ನಿಷೇಧವನ್ನು ಎತ್ತಿಹಿಡಿಯಿತು. ಪಿಸ್ತೂಲಿನ ಪೆಟ್ಟಿಗೆಯಲ್ಲಿ, ಗುರಿ ಅಭ್ಯಾಸದ ರೇಂಜ್‌ಗೆ ಒಯ್ಯುವ ಚೀಲದ ಪಕ್ಕದ ಜೇಬಿನಲ್ಲಿ, ಗ್ಯಾರೇಜಿನ ಹಳೆಯ ಡಬ್ಬಿಯಲ್ಲಿ ಎಲ್ಲೆಲ್ಲಿ ಬಿದ್ದಿವೆಯೋ ಹುಡುಕಿ. ಪ್ಲೇನೊದಲ್ಲೇ ಮಾರಿ ಅಥವಾ ಕೊಟ್ಟುಬಿಡಿ, ಹತ್ತರದ್ದು ಎರಡು ಕೊಂಡು ಹೊರಡಿ. ಜನ ರೈಫಲ್ ಬಗ್ಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಈ ತಗಡಿನ ಡಬ್ಬಿ ಮರೆಯುತ್ತಾರೆ.

ಎಆರ್-15 ಕಥೆ ಉದ್ದ. 1989ರ ಜನವರಿಯಲ್ಲಿ ಸ್ಟಾಕ್ಟನ್‌ನ ಶಾಲೆಯೊಂದರ ಅಂಗಳದಲ್ಲಿ ಐದು ಮಕ್ಕಳು ಗುಂಡಿಗೆ ಬಲಿಯಾದರು. ಅದೇ ವರ್ಷ ಕ್ಯಾಲಿಫೋರ್ನಿಯಾ ಇಂಥ ರೈಫಲ್‌ಗಳ ಮೇಲೆ ಕಾನೂನು ತಂದಿತು. ಈಗ ಎರಡು ಜರಡಿಗಳಿವೆ. ಒಂದು ಹೆಸರಿನದು: ಕೆಲವು ತಯಾರಕರ ಕೆಲವು ಮಾದರಿಗಳು ಪಟ್ಟಿಯಲ್ಲೇ ಇವೆ, ಏನು ಬದಲಾಯಿಸಿದರೂ ಒಳಗೆ ಬರುವಂತಿಲ್ಲ. ಇನ್ನೊಂದು ಲಕ್ಷಣದ್ದು: ಮ್ಯಾಗಜಿನ್ ಕಳಚಿ ಹಾಕುವಂತಿದ್ದು ಅದರ ಜೊತೆ ಪಿಸ್ತೂಲಿನಂಥ ಹಿಡಿಕೆಯೋ, ಉದ್ದ ಗಿಡ್ಡ ಮಾಡುವ ಹಿಂಬದಿಯೋ, ಮೂತಿಯಲ್ಲಿ ಬೆಂಕಿ ಮರೆಸುವ ಫ್ಲ್ಯಾಶ್ ಹೈಡರ್ರೋ, ಯಾವುದಾದರೂ ಒಂದು ಇದ್ದರೂ ನಿಷೇಧಕ್ಕೆ ಸಾಕು. ನಿಮ್ಮದರಲ್ಲಿ ಮೂರೂ ಇದ್ದರೆ ಆಶ್ಚರ್ಯವಿಲ್ಲ. ಅವನ್ನೆಲ್ಲ ತೆಗೆಸಿ 'ಫೀಚರ್‌ಲೆಸ್' ಮಾಡಿಸಿ ತರುವವರಿದ್ದಾರೆ, ಅದಕ್ಕೆ ಕಾನೂನಿನ ಅಡ್ಡಿಯಿಲ್ಲ. ಆದರೆ ಟೆಕ್ಸಾಸ್‌ನಲ್ಲಿ ಇರುವಾಗಲೇ ಮಾಡಿಸಿರಬೇಕು, ಹೆಸರಿನ ಪಟ್ಟಿಯಲ್ಲಿ ಇರಬಾರದು, ಮಾಡಿದವನಿಗೆ ಕೆಲಸ ಗೊತ್ತಿರಬೇಕು.

ನನ್ನನ್ನು ಕೇಳಿದರೆ ಮಾರಿಬಿಡಿ. ಮನಸ್ಸು ಒಪ್ಪದಿದ್ದರೆ ಅಲ್ಲಿನ ನಂಬಿಕಸ್ಥ ಗೆಳೆಯರಿಗೆ ಕೊಡಿ. ಅವರು ಟೆಕ್ಸಾಸ್ ನಿವಾಸಿಯಾಗಿರಬೇಕು, ಸಿಟಿಜನ್ನೋ ಗ್ರೀನ್ ಕಾರ್ಡಿನವರೋ ಆಗಿರಬೇಕು, ಬಂದೂಕು ಹೊಂದಲು ಬೇರೆ ಅಡ್ಡಿ ಇರಬಾರದು. ನೀವಿನ್ನೂ ಟೆಕ್ಸಾಸ್ ನಿವಾಸಿಯಾಗಿರುವಾಗಲೇ ಇದು ಮುಗಿಯಲಿ. ಒಮ್ಮೆ ಕ್ಯಾಲಿಫೋರ್ನಿಯಾದವರಾದ ಮೇಲೆ ಕೈಯಿಂದ ಕೈಗೆ ಕೊಟ್ಟರೆ ಅದು ರಾಜ್ಯದಿಂದ ರಾಜ್ಯಕ್ಕೆ ಆದ ವರ್ಗಾವಣೆ, ಪರವಾನಗಿ ಇರುವ ಅಂಗಡಿಯ ಮೂಲಕವೇ ಆಗಬೇಕು.

ಇಷ್ಟು ಕಟ್ಟುನಿಟ್ಟಾಗಿ ಹೇಳಲು ಕಾರಣ ನಿಮ್ಮ ಗ್ರೀನ್ ಕಾರ್ಡ್. ಇಲ್ಲೇ ಹುಟ್ಟಿದವನಿಗೆ ದಂಡ, ಜೈಲು ಮುಗಿದರೆ ಮುಗಿಯಿತು. ನಿಮಗೆ ಬಂದೂಕಿನ ಅಪರಾಧ ಸಾಬೀತಾದರೆ ಗಡೀಪಾರಿಗೇ ದಾರಿಯಾಗಬಹುದು. ಇನ್ನೆರಡು ವರ್ಷಕ್ಕೆ ಪೌರತ್ವದ ಅರ್ಜಿ ಹಾಕುತ್ತೀರಲ್ಲ, ಅದರಲ್ಲಿ ಬಂಧನವಾಗಿತ್ತೇ ಎಂದು ಕೇಳುತ್ತಾರೆ. ಕೇಸು ಬಿದ್ದುಹೋಗಿದ್ದರೂ ಹೌದು ಎಂದೇ ಬರೆಯಬೇಕು. ಆ ಒಂದು "ಹೌದು"ಗೆ ಕಾಗದ ಜೋಡಿಸುತ್ತಾ ಕೂತ ಮಧ್ಯಾಹ್ನಗಳು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿವೆ.

ದಾರಿಯ ಮಾತಿಗೆ ಬರೋಣ. 2004ರಲ್ಲಿ ನಾವು ಅರಿಜೋನಾದ ಟೂಸಾನ್‌ನಿಂದ ಫ್ರೆಸ್ನೊಗೆ ಬಂದೆವು. ನಮ್ಮ ಯಜಮಾನರ ರಿವಾಲ್ವರ್ ಕಾರಿನ ಡ್ಯಾಶ್‌ಬೋರ್ಡ್ ಖಾನೆಯಲ್ಲಿ, ಸರಿಯಾಗಿ ನನ್ನ ಮೊಣಕಾಲಿನ ಎದುರಿಗೆ. ಖಾನೆಗೆ ಬೀಗ ಹಾಕಿದ್ದೇವೆ ಎಂಬ ಧೈರ್ಯ ಬೇರೆ. ಬ್ಲೈತ್‌ನಲ್ಲಿ ಹೆದ್ದಾರಿ 10 ಕ್ಯಾಲಿಫೋರ್ನಿಯಾ ಹೊಕ್ಕುವಲ್ಲಿ ಕೃಷಿ ಇಲಾಖೆಯ ತಪಾಸಣಾ ಕಟ್ಟೆ ಇದೆ. ಅಧಿಕಾರಿ ಬಗ್ಗಿ ನೋಡಿ "ಹಣ್ಣು, ಗಿಡ ಏನಾದರೂ?" ಎಂದ. ಹಿತ್ತಲಿನ ನಿಂಬೆಹಣ್ಣಿನ ಚೀಲ ತೋರಿಸಿದೆ, ತೆಗೆದುಕೊಂಡ, ಹೋಗಿ ಎಂದ. ನಿಂಬೆಹಣ್ಣು ಹೋಯಿತೆಂದು ಬೇಕರ್ಸ್‌ಫೀಲ್ಡ್‌ವರೆಗೂ ಗೊಣಗಿದೆ. ಎರಡು ತಿಂಗಳಾದ ಮೇಲೆ ಕೆಲಸಕ್ಕೆ ಸೇರಿದ ಕಚೇರಿಯ ವಕೀಲರಿಗೆ ಈ ಕಥೆ ಹೇಳಿದರೆ ಅವರು ನಗಲಿಲ್ಲ. ಡ್ಯಾಶ್‌ಬೋರ್ಡ್ ಖಾನೆಗೆ ಬೀಗವಿದ್ದರೂ ಇಲ್ಲಿ ಅದು ಲೆಕ್ಕಕ್ಕಿಲ್ಲ. ಫೆಡರಲ್ ಕಾನೂನೂ ಅದನ್ನು ಹೊರಗಿಟ್ಟಿದೆ.

ನೀವು ಹಾಗೆ ಮಾಡಬೇಡಿ. ತರುವ ಬಂದೂಕುಗಳೆಲ್ಲ ಖಾಲಿ ಇರಲಿ, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿರಲಿ, ಡಿಕ್ಕಿಯಲ್ಲಿರಲಿ. ಡಿಕ್ಕಿ ಬೇರೆಯಾಗಿ ಇಲ್ಲದ ವ್ಯಾನು, ಎಸ್‌ಯುವಿ ಆದರೆ ಬೀಗದ ಪೆಟ್ಟಿಗೆ ಕೈಗೆ ಎಟುಕದಷ್ಟು ಹಿಂದೆ. ನಡುವೆ ನ್ಯೂ ಮೆಕ್ಸಿಕೊ, ಅರಿಜೋನಾ ಸಿಗುತ್ತವೆ, ಅಲ್ಲಿ ಸಡಿಲವಿದೆ ಎಂದು ಹೊರಗೆ ತೆಗೆಯುವುದು ಬೇಡ. ರಾತ್ರಿ ಹೋಟೆಲಿನಲ್ಲಿ ತಂಗಿದರೆ ಕಾರಿನಲ್ಲಿ ಬಿಡದೆ ಒಳಗೆ ಒಯ್ಯಿರಿ. 1986ರ ಫೆಡರಲ್ ಕಾನೂನು ಪ್ರಯಾಣಿಕರಿಗೆ ರಕ್ಷಣೆ ಕೊಡುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಹೊರಟಲ್ಲೂ ತಲುಪುವಲ್ಲೂ ಆ ಬಂದೂಕು ಕಾನೂನುಬದ್ಧವಿದ್ದರೆ ಮಾತ್ರ ಆ ರಕ್ಷಣೆ. ಗುಂಡುಗಳನ್ನು ತರಲೇ ಬೇಡಿ. ಸಾಮಾನು ಸಾಗಿಸುವ ಕಂಪನಿಗಳು ಸಾಮಾನ್ಯವಾಗಿ ಗುಂಡು ಮುಟ್ಟುವುದಿಲ್ಲ, ಹೊರಗೆ ಕೊಂಡ ಗುಂಡಿನ ಮೇಲೆ ಇಲ್ಲಿನ ಕಾನೂನು ಕೋರ್ಟಿನಲ್ಲಿ ವರ್ಷಗಳಿಂದ ಎಳೆದಾಡುತ್ತಿದೆ. ಹೊರಡುವ ಮುಂಚಿನ ಶನಿವಾರ ರೇಂಜ್‌ಗೆ ಹೋಗಿ ಖಾಲಿ ಮಾಡಿ ಬನ್ನಿ.

ಬಂದ ಮೇಲೆ ರಾಜ್ಯದ ನ್ಯಾಯ ಇಲಾಖೆಗೆ 'ಹೊಸ ನಿವಾಸಿಯ ವರದಿ' ಸಲ್ಲಿಸಬೇಕು. ಶುಲ್ಕ 19 ಡಾಲರ್, ಆನ್‌ಲೈನ್‌ನಲ್ಲೇ ಆಗುತ್ತದೆ. ಸೀರಿಯಲ್ ನಂಬರನ್ನು ನೆನಪಿನಿಂದ ಬರೆಯದೆ ಬಂದೂಕು ನೋಡಿ ಬರೆಯಿರಿ. ದಿನ ಎಣಿಸುವುದನ್ನು ಬಂದೂಕು ರಾಜ್ಯದೊಳಗೆ ಬಂದ ದಿನದಿಂದ ಶುರು ಮಾಡಿ. ವಾಹನ ಇಲಾಖೆಯ (ಡಿಎಂವಿ) ಡ್ರೈವಿಂಗ್ ಲೈಸೆನ್ಸಿಗೆ ಹತ್ತು ದಿನ, ಕಾರಿನ ನೋಂದಣಿಗೆ ಇಪ್ಪತ್ತು ದಿನ ಎಂದು ಹೇಗೂ ಓಡಾಡುತ್ತೀರಿ, ಆ ವಾರವೇ ಇದನ್ನೂ ಮುಗಿಸಿ.

ಸ್ಯಾನ್ ಹೋಸೆ ನಗರದ್ದೇ ಒಂದು ಕಟ್ಟಳೆ ಇದೆ. ಬಂದೂಕು ಇರುವವರು ಆಕಸ್ಮಿಕ ಗುಂಡಿಗೆ ಹೊಣೆ ಹೊರುವ ವಿಮೆ ಇಟ್ಟುಕೊಂಡಿರಬೇಕು. ದೇಶದಲ್ಲೇ ಇಂಥದ್ದನ್ನು ಮೊದಲು ತಂದ ನಗರ ಅದು, 2022ರಲ್ಲಿ. ಬಾಡಿಗೆದಾರರ ವಿಮೆಯಲ್ಲೇ ಇದು ಸೇರಿರಬಹುದು, ಏಜೆಂಟರನ್ನು ಕೇಳಿ ಬರಹದಲ್ಲಿ ಪಡೆಯಿರಿ. ಮನೆ ಪಕ್ಕದ ಸನ್ನಿವೇಲ್‌ನಲ್ಲಿ ಸಿಕ್ಕಿದರೆ ಅಲ್ಲಿ ಕಳುವಾದ ಬಂದೂಕನ್ನು 48 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕೆಂಬ 2013ರ ನಿಯಮ ಇದೆ. ಟೆಕ್ಸಾಸ್‌ನಲ್ಲಿ 2021ರಿಂದ ಪರವಾನಗಿ ಇಲ್ಲದೆಯೇ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದ್ದರೆ ಆ ಅಭ್ಯಾಸ ಬಿಡಿ. ಅಲ್ಲಿನ ಲೈಸೆನ್ಸ್ ಇದ್ದರೂ ಇಲ್ಲಿ ನಡೆಯುವುದಿಲ್ಲ. ಹೊಸದಾಗಿ ಅರ್ಜಿ ಹಾಕಬೇಕು, 16 ಗಂಟೆಯ ತರಬೇತಿ ಮುಗಿಸಬೇಕು.

ನಿಮ್ಮ ತೀರ್ಥಹಳ್ಳಿಯಲ್ಲಿ ಚುನಾವಣೆ ಬಂತೆಂದರೆ ಅಪ್ಪಂದಿರು ತೋಟದ ಕೋವಿಯನ್ನು ಠಾಣೆಗೆ ಒಪ್ಪಿಸಿ ಚೀಟಿ ಪಡೆದು ಬರುತ್ತಿದ್ದರಲ್ಲ, ಹಂದಿ ಕಾಟದ ಮಧ್ಯೆ ಬೈದುಕೊಳ್ಳುತ್ತಲೇ. ನಾನು ಕೊಡಗಿನವಳು, ನಮ್ಮಲ್ಲಿ ಕೊಡವರ ಕೋವಿಗೆ ಲೈಸೆನ್ಸಿನಿಂದಲೇ ವಿನಾಯಿತಿ. ಆದರೂ ಎರಡೂ ಊರಿಗೆ 1959ರ ಒಂದೇ ಆಯುಧ ಕಾಯ್ದೆ. ಇಲ್ಲಿ ಹಾಗಲ್ಲ, ಕ್ಯಾಲಿಫೋರ್ನಿಯಾ ಗಡಿಯ ಕೊಲರಾಡೊ ನದಿಯ ಸೇತುವೆ ದಾಟಿದರೆ ಪುಸ್ತಕವೇ ಬೇರೆ. ಅಂದಹಾಗೆ ಕುಂಡದಲ್ಲಿ ಕರಿಬೇವು ಬೆಳೆಸಿದ್ದರೆ ಅದನ್ನೂ ಪ್ಲೇನೊದಲ್ಲೇ ಬಿಟ್ಟು ಬನ್ನಿ. ಕಿತ್ತಳೆ ಗಿಡಕ್ಕೆ ರೋಗ ತರುವ ಕೀಟ ಅದರಲ್ಲಿ ಕೂರುತ್ತದೆಂದು ಒಳಗೆ ಬಿಡುವುದಿಲ್ಲ. ಪಿಸ್ತೂಲಿಗಾದರೂ ಅರವತ್ತು ದಿನ ಉಂಟು, ಕರಿಬೇವಿಗೆ ಅರವತ್ತು ಸೆಕೆಂಡೂ ಇಲ್ಲ.

ಪ್ರಶ್ನೆ: ನಾವು ಫಿಲಡೆಲ್ಫಿಯಾ ಹೊರವಲಯದಿಂದ ನ್ಯೂಜೆರ್ಸಿಯ ಎಡಿಸನ್‌ಗೆ ಮನೆ ಬದಲಿಸುತ್ತಿದ್ದೇವೆ. ಒಂದೂವರೆ ಗಂಟೆ ದಾರಿ. ಪೆನ್ಸಿಲ್ವೇನಿಯಾದ ಕ್ಯಾರಿ ಲೈಸೆನ್ಸ್ (ಪಿಸ್ತೂಲು ಜೊತೆಗಿಟ್ಟುಕೊಂಡು ಓಡಾಡುವ ಪರವಾನಗಿ) ಇದೆ, ಅಷ್ಟು ದೂರಕ್ಕೆ ನಡೆಯುವುದಿಲ್ಲವೇ?

ಉತ್ತರ: ನಡೆಯುವುದಿಲ್ಲ. 2013ರಲ್ಲಿ ಫಿಲಡೆಲ್ಫಿಯಾದ ಒಬ್ಬ ತಾಯಿ ಇದೇ ಲೈಸೆನ್ಸ್ ನಂಬಿಕೊಂಡು ನ್ಯೂಜೆರ್ಸಿಗೆ ಹೋಗಿದ್ದರು. ಪೊಲೀಸರು ಕಾರು ನಿಲ್ಲಿಸಿದಾಗ ಪ್ರಾಮಾಣಿಕವಾಗಿ ತಾವೇ ಪಿಸ್ತೂಲಿದೆ ಎಂದರು, ಬಂಧನವಾಯಿತು, ವರ್ಷಗಟ್ಟಲೆ ಜೈಲಿನ ಭಯ ಎದುರಾಯಿತು. 2015ರಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿ ಕ್ಷಮಾದಾನ ಕೊಟ್ಟ ಮೇಲೆ ಅವರು ಪಾರಾದರು. ಗವರ್ನರ್ ತನಕ ಹೋಗುವ ಆಸೆ ನಿಮಗಿಲ್ಲ ಎಂದುಕೊಂಡಿದ್ದೇನೆ. ಪಿಸ್ತೂಲು ಖಾಲಿ ಮಾಡಿ, ಬೀಗ ಹಾಕಿ ಡಿಕ್ಕಿಯಲ್ಲಿಡಿ, ದಾರಿಯಲ್ಲಿ ಶಾಪಿಂಗ್ ಮಾಡದೆ ನೇರ ಹೊಸ ಮನೆಗೆ ಹೋಗಿ. ಅಲ್ಲಿಯೂ ಮ್ಯಾಗಜಿನ್ ಮಿತಿ ಹತ್ತು. ಅರವತ್ತು ದಿನದೊಳಗೆ ಸ್ಥಳೀಯ ಪೊಲೀಸರ ಮೂಲಕ ಬಂದೂಕು ಖರೀದಿದಾರರ ಗುರುತಿನ ಚೀಟಿಗೆ ಅರ್ಜಿ ಹಾಕಿ, ಬಂದೂಕನ್ನೂ ನೋಂದಾಯಿಸಿ. ತುದಿ ಟೊಳ್ಳಿರುವ ಗುಂಡಿಗೆ ಅಲ್ಲಿ ಬೇರೆಯೇ ನಿರ್ಬಂಧಗಳಿವೆ, ಅವನ್ನು ಒಯ್ಯದಿದ್ದರೆ ಒಂದು ತಲೆನೋವು ಕಡಿಮೆ.

ಪ್ರಶ್ನೆ: ನಮ್ಮ ಮಾವ ನಿವೃತ್ತ ಸುಬೇದಾರರು, ಬಿ-2 ವೀಸಾ ಮೇಲೆ ಆರು ತಿಂಗಳಿಗೆ ಬಂದಿದ್ದಾರೆ. ಒಮ್ಮೆ ಶೂಟಿಂಗ್ ರೇಂಜ್‌ಗೆ ಕರೆದುಕೊಂಡು ಹೋಗು ಎನ್ನುತ್ತಾರೆ. ಬಾಡಿಗೆ ಬಂದೂಕಿನಲ್ಲಿ ಹತ್ತು ಗುಂಡು ಹೊಡೆದರೆ ತಪ್ಪೇ? (ಫ್ರೀಮಾಂಟ್)

ಉತ್ತರ: ತಪ್ಪು. ಮೇಲೆ ಎಚ್-1ಬಿ ತಮ್ಮನಿಗೆ ಹೇಳಿದ ನಿಷೇಧ ಇವರಿಗೂ ಅನ್ವಯಿಸುತ್ತದೆ. ಐದು ನಿಮಿಷ ಕೈಯಲ್ಲಿ ಹಿಡಿದರೂ ಹಿಡಿದದ್ದೇ. ಎಷ್ಟೋ ಜನ ಅಪ್ಪ ಅಮ್ಮನನ್ನು ಕರೆದೊಯ್ದು ಫೋಟೋ ತೆಗೆದು ಹಾಕಿಕೊಳ್ಳುತ್ತಾರೆ, ಮುಂದಿನ ವೀಸಾ ಸಂದರ್ಶನಕ್ಕೆ ತಾವೇ ಸಾಕ್ಷಿ ಒದಗಿಸಿದಂತೆ. ಸುಬೇದಾರರಿಗೆ ಗುರಿ ನೋಡಿಕೊಳ್ಳುವ ಆಸೆಯಾದರೆ ಬಿಲ್ಲು ಬಾಣದ ರೇಂಜ್‌ಗೆ ಕರೆದುಕೊಂಡು ಹೋಗಿ. ಬಿಲ್ಲು ಈ ಕಾನೂನಿನ ಲೆಕ್ಕದಲ್ಲಿ ಬಂದೂಕಲ್ಲ.