ಬರೆದುಕೊಡಿ ಎಂದರೆ ಹೊಣೆ ತಪ್ಪುತ್ತದೆಯೇ?

ಪ್ರಶ್ನೆ: ಯುದ್ಧಕಾಲದಲ್ಲಿ ಮೇಲಧಿಕಾರಿಯ ಆದೇಶ ತಪ್ಪೆನಿಸಿದರೆ ‘ಬರೆದುಕೊಡಿ’ ಎಂದು ಕೇಳಬಹುದೇ? 1962ರ ಚೀನಾ ಯುದ್ಧದಲ್ಲಿ ನಮ್ಮ ಅಧಿಕಾರಿಗಳು ಯಾಕೆ ಬಾಯಿ ಬಿಡಲಿಲ್ಲ?

ಉತ್ತರ: ಬಾಯಿ ಬಿಟ್ಟರು ಸ್ವಾಮಿ. ಬರೆದುಕೊಡಿ ಎಂದವರು ಸ್ವತಃ ಸೇನಾ ಮುಖ್ಯಸ್ಥ ಜನರಲ್ ಥಾಪರ್. ಈಶಾನ್ಯ ಗಡಿಯ ಥಾಗ್ ಲಾ ಬೆಟ್ಟಸಾಲಿನ ಇಳಿಜಾರಿನಿಂದ ಚೀನೀಯರನ್ನು ಹೊರದಬ್ಬಬೇಕೆಂದು ಸೆಪ್ಟೆಂಬರ್ 22ರಂದು ದೆಹಲಿಯ ಸಭೆ ಹೇಳಿದಾಗ ಅವರು ಲಿಖಿತ ಆದೇಶ ಬೇಡಿದರು. ಪ್ರಧಾನಿ, ರಕ್ಷಣಾ ಸಚಿವ ಇಬ್ಬರೂ ವಿದೇಶದಲ್ಲಿದ್ದರು. ಕಾಗದವೇನೋ ಬಂತು, ಸಹಿ ಮಾತ್ರ ರಕ್ಷಣಾ ಸಚಿವಾಲಯದ ಜಂಟಿ ಕಾರ್ಯದರ್ಶಿಯದು. ಅದರಲ್ಲಿದ್ದ ಷರತ್ತನ್ನು ಗಮನಿಸಿ: ಮುಖ್ಯಸ್ಥರು ಸಿದ್ಧರಾದ ಕೂಡಲೇ ಕ್ರಮ ಕೈಗೊಳ್ಳಬೇಕು. ಹೊಣೆಯನ್ನು ಮೇಲಿನವರ ತಲೆಗೆ ಕಟ್ಟಲೆಂದು ಕೇಳಿದ ಕಾಗದ ಅದನ್ನು ಥಾಪರ್ ಅವರ ತಲೆಗೇ ಕಟ್ಟಿತು. ಇನ್ನೂ ಸಿದ್ಧರಾಗಿಲ್ಲ ಎನ್ನಲು ದಾರಿಯಿತ್ತು. ಅವರು ಅನ್ನಲಿಲ್ಲ.

ಅಂದವರು 33ನೇ ಕೋರ್‌ನ (ಹಲವು ಡಿವಿಷನ್‌ಗಳ ಮೇಲಿನ ಸೇನಾ ವಿಭಾಗ) ಲೆಫ್ಟಿನೆಂಟ್ ಜನರಲ್ ಉಮ್ರಾವ್ ಸಿಂಗ್. ಪಡಿತರ, ಮದ್ದುಗುಂಡು, ಫಿರಂಗಿ ಸೇರದೆ ಹೊರಡಲಾಗದು ಎಂದು ಲೆಕ್ಕ ಹಾಕಿ ತೋರಿಸಿದರು. ಅಕ್ಟೋಬರ್ ಮೊದಲ ವಾರದಲ್ಲಿ ನೇಫಾ (ಇಂದಿನ ಅರುಣಾಚಲ) ಪ್ರದೇಶವನ್ನೇ ಅವರ ಕೈಯಿಂದ ಕಿತ್ತು, ಹೊಸ 4ನೇ ಕೋರ್ ಕಟ್ಟಿ, ದೆಹಲಿಯಿಂದ ಜನರಲ್ ಕೌಲ್ ಅವರನ್ನು ಕಳುಹಿಸಲಾಯಿತು. ನನ್ನನ್ನು ಕೇಳಿದರೆ ಯುದ್ಧದ ಸೋಲು ಅಂದೇ ಅರ್ಧ ಬರೆದಾಗಿತ್ತು.

ಸೇನೆಯ ಸಂದೇಶ ವಿಭಾಗವಾದ ಸಿಗ್ನಲ್ಸ್‌ನಲ್ಲಿ ಇಪ್ಪತ್ತೆರಡು ವರ್ಷ ದುಡಿದವನು ನಾನು. ಸಂದೇಶದ ರಿಜಿಸ್ಟರಿನಲ್ಲಿ ಯಾರಿಂದ, ಯಾರಿಗೆ, ಬಂದ ಗಂಟೆ ಎಂಬ ಕಲಮುಗಳಿರುತ್ತವೆ. ಒಮ್ಮೆ ಸಮರಾಭ್ಯಾಸದಲ್ಲಿ ಬ್ರಿಗೇಡಿನ ಆದೇಶ ನಡುವಿನ ಬೆಟಾಲಿಯನ್ನನ್ನು ಹಾರಿ ನೇರ ಅದರ ಕೆಳಗಿನ ಒಂದು ಕಂಪನಿಗೆ (ತುಕಡಿಗೆ) ಹೋಯಿತು. ಅರ್ಧ ಗಂಟೆಯ ಬಳಿಕ ನಮ್ಮ ಕರ್ನಲ್ ಸಾಹೇಬರು ಬಂದು, ತಮ್ಮದೇ ಕಂಪನಿ ಎಲ್ಲಿದೆಯೆಂದು ನನ್ನನ್ನು ಕೇಳಿದರು. ರಿಜಿಸ್ಟರ್ ತಿರುಗಿಸಿ ತೋರಿಸಿದೆ. ಓದಿ, ಪೆನ್ಸಿಲ್ ಮೇಜಿನ ಮೇಲಿಟ್ಟು ಹೊರಗೆ ನಡೆದರು. ಅಭ್ಯಾಸವಾದ್ದರಿಂದ ಯಾರೂ ಸಾಯಲಿಲ್ಲ.

ಕೌಲ್ ಮಾಡಿದ್ದೂ ಅದೇ ಬಗೆಯದು. ಥಾಗ್ ಲಾ ಕೆಳಗಿನ ನಾಮ್ಕಾ ಚು ಹೊಳೆಯ ದಂಡೆಗೆ ಬಂದು ಬೆಟಾಲಿಯನ್‌ಗಳ ಚಲನೆಯನ್ನೂ ತಾವೇ ನಿರ್ದೇಶಿಸಿದರು. ಪಕ್ಕದಲ್ಲೇ ಡಿವಿಷನ್ನಿನ ಜನರಲ್ ನಿರಂಜನ್ ಪ್ರಸಾದ್, ಬ್ರಿಗೇಡಿಯರ್ ದಳವಿ ನಿಂತಿದ್ದರು. ವರದಿಗಳು ನೇರವಾಗಿ ದೆಹಲಿಗೆ.

ಇನ್ನು ಕಾನೂನು. 1950ರ ಸೇನಾ ಕಾಯ್ದೆಯ 41ನೇ ಕಲಮು ಶಿಕ್ಷಿಸುವುದು ಕಾನೂನುಬದ್ಧ ಆದೇಶವನ್ನು ಮೀರಿದರೆ; ಸಕ್ರಿಯ ಸೇವೆಯಲ್ಲಿದ್ದರೆ 14 ವರ್ಷದವರೆಗೆ ಸೆರೆ. ಬರೆದುಕೊಡಿ ಎಂದು ಕೇಳುವುದೇ ಆಜ್ಞೆ ಮೀರಿದಂತಲ್ಲ. ಆದರೆ ಕಾನೂನುಬಾಹಿರ ಆದೇಶ ಬೇರೆ, ದಡ್ಡ ಆದೇಶ ಬೇರೆ. ಎರಡನೆಯದಕ್ಕೆ ಕಾಯ್ದೆಯಲ್ಲಿ ಮದ್ದಿಲ್ಲ.

ಅಕ್ಟೋಬರ್ 18ರಂದು ಕೌಲ್ ಕಾಯಿಲೆಯೆಂದು ದೆಹಲಿಗೆ ಮರಳಿದರು, ಕೋರ್ ಬಿಟ್ಟುಕೊಡಲಿಲ್ಲ. ಹಾಸಿಗೆಯಿಂದಲೇ ಆದೇಶ ಕಳುಹಿಸಿದರು. 20ರ ಬೆಳಗ್ಗೆ ಚೀನೀ ಫಿರಂಗಿಗಳು ಸಿಡಿದವು. 22ರಂದು ದಳವಿ ಸೆರೆಯಾದರು.